ಬರಿಗೈಯ ಪ್ರವಾಸಿಯು ಕಂಡ ಎರಡು ನಗರಗಳು: ಬೀದರ ಮತ್ತು ಟ್ರೆಬಿಜಾಂಡ್

ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬ್ ಪ್ರಾಂತವು ಪುರಾತನ ಕಾಲದಿಂದಲೂ ನೆಲದೊಳಗಣ ಐಶ್ವರ್ಯಕ್ಕೆ ಹೆಸರಾದ ನಾಡು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನರು ಬಂಡೆಯನ್ನು ಬಹು ಆಳದವರೆಗೆ ತೋಡಿ ಚಿನ್ನವನ್ನು ತೆಗೆದ ಗುರುತುಗಳಿವೆ. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಚಿನ್ನದ ಶೋಧದಲ್ಲಿದ್ದಾಗಲೇ ಮಸ್ಕಿಯ ಬಂಡೆಯ ಮೇಲಣ ಅಶೋಕನ ಶಾಸನವು ಅವನ ಕಣ್ಣಿಗೆ ಬಿದ್ದಿತು. ಈ ನಾಡಿನ ಸಲುವಾಗಿ ಬಹಮನಿ ಸುಲ್ತಾನರಿಗೂ ವಿಜಯನಗರದ ಅರಸರಿಗೂ ನಡೆದ ಕಾಳಗಗಳು ವಾಚಕರಿಗೆ ತಿಳಿದವೇ ಆಗಿವೆ. ಹೀಗೆ ಸಂಪತ್ತಿನ ಕೀರ್ತಿಯು ದೇಶಾಂತರಗಳಿಗೆ ಹಬ್ಬಿದ್ದುದರಿಂದ ಹೊರಗಿನ ಪ್ರವಾಸಿಗಳು ಅನೇಕರು ದಖನಿಗೆ ಬಂದರು. ಅವರಲ್ಲಿ ಕೆಲವರು ತಾವು ಕಂಡುದನ್ನು ಬರೆದಿಟ್ಟರು. ಆ ಬರಹಗಳಿಂದಲೇ ನಮ್ಮ ಮಧ್ಯಯುಗದ ಇತಿಹಾಸದ ಬಹುಭಾಗವು ಕಟ್ಟಲ್ಪಟ್ಟಿದೆ.

ಆದರೆ ಬರೆದವರು ಎಂತಹವರು, ಅವರ ಊಟದ ಖರ್ಚನ್ನು ಕೊಟ್ಟವರಾರು ಎಂಬುದನ್ನು ವಿಚಾರಿಸುವವರು ವಿರಳ. ೧೪೪೩ರಲ್ಲಿ ವಿಜಯನಗರವನ್ನು ಕಂಡ ಅಬ್ದುರ್ ರಜಾಕನು ಹೇರಾತಿನ ಷಾಹರುಖನ ರಾಯಭಾರಿ. ದಿನವೊಂದಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಇವುಗಳ ಮೇಲೆ ಎರಡು ವರಹ ಹೊನ್ನು ಅರಮನೆಯಿಂದ ಅವನ ಬಿಡಾರಕ್ಕೆ ಬರುತ್ತಿದ್ದುವು. ಅಂತಹ ಅತಿಥಿಯು ಪೇಟೆಯ ಅಕ್ಕಿಯ ಬೆಲೆಯನ್ನು ಕೇಳಬೇಕಾದ ಪ್ರಸಂಗವೇ ಇರಲಿಲ್ಲ. ಅವನ ಬರಹದಲ್ಲಿ ನಗರದ ಏಳು ಕೋಟೆಗಳೂ ರತ್ನದ ಅಂಗಡಿಗಳೂ ಮಹಾನವಮಿಯ ವೈಭವವೂ ಕಣ್ಣಿಗೆ ಕಟ್ಟುವಂತಿವೆ. ಹಸಿದವನೊಬ್ಬನು ಆ ಬೀದಿಯಲ್ಲಿ ಹೇಗೆ ದಿನ ಕಳೆಯುತ್ತಿದ್ದನೆಂಬುದು ಅಲ್ಲಿಲ್ಲ.

ಈ ಕೊರತೆಯನ್ನು ತುಂಬಿದವನು ಆತನ ನಂತರ ಸುಮಾರು ಇಪ್ಪತ್ತೈದು ವರ್ಷಗಳಿಗೆ ಬೀದರಕ್ಕೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನನು. ಅವನಿಗೆ ರಾಜಪತ್ರವಿರಲಿಲ್ಲ, ಪರಿವಾರವಿರಲಿಲ್ಲ, ಕೈಯಲ್ಲಿ ಹಣವೂ ಇರಲಿಲ್ಲ. ಅವನ ಬರಹಕ್ಕೆ “ಮೂರು ಸಮುದ್ರಗಳಾಚೆಯ ಪ್ರಯಾಣ” ಎಂದು ಹೆಸರು. ಕ್ಯಾಸ್ಪಿಯನ್ ಸಮುದ್ರ, ಅರಬ್ಬೀ ಸಮುದ್ರ, ಕಪ್ಪು ಸಮುದ್ರ, ಇವೇ ಆ ಮೂರು. ಕೊನೆಯದನ್ನು ಅವನು ಇಸ್ತಾಂಬೂಲಿನ ಸಮುದ್ರವೆಂದೂ ಕರೆಯುತ್ತಾನೆ. ನಮ್ಮ ಬೀದರವೂ, ತುರ್ಕರ ವಶದಲ್ಲಿದ್ದ ಟ್ರೆಬಿಜಾಂಡ್ ಎಂಬ ರೇವುಪಟ್ಟಣವೂ ಒಬ್ಬನೇ ಬಡ ಪ್ರವಾಸಿಯ ಕಣ್ಣಿಗೆ ಹೇಗೆ ಕಂಡುವೆಂಬುದನ್ನು ಹೋಲಿಸಿ ನೋಡಿದರೆ ಇತಿಹಾಸದ ಅಭ್ಯಾಸಿಗಳಿಗೆ ಒಂದು ಪಾಠವು ದೊರೆಯುವುದು.

ನಿಕಿತಿನನು ವೋಲ್ಗಾ ನದಿಯ ಮೇಲಣ ತ್ವೇರ್ ನಗರದವನು. ಅವನು ಊರು ಬಿಟ್ಟುದು ೧೪೬೬ರಲ್ಲಿ ಎಂದು ಹಿಂದಿನ ವಿದ್ವಾಂಸರು ಎಣಿಸಿದ್ದರು. ೧೪೬೮ರಲ್ಲಿ ಎಂಬುದು ಈಚಿನವರ ಮತ. ಶಿರ್ವಾನ್ ದೇಶದ ರಾಯಭಾರಿಯೊಡನೆ ಹೊರಟ ವರ್ತಕರ ಗುಂಪಿನಲ್ಲಿ ಅವನಿದ್ದನು. ಅಸ್ತ್ರಾಖಾನಿನ ಬಳಿ ತಾತಾರರು ದೋಣಿಗಳ ಮೇಲೆ ಬಿದ್ದು ಸರಕನ್ನೆಲ್ಲ ಸೂರೆಗೊಂಡರು. ಅವನ ಧರ್ಮಗ್ರಂಥಗಳೂ ಅದರೊಡನೆ ಹೋದವು. ಉಳಿದವರು ದರ್ಬಂದಿಗೆ ಸೇರಿ, ಊರಿಗೆ ಮರಳುವಷ್ಟಾದರೂ ಸಹಾಯ ಮಾಡಬೇಕೆಂದು ಶಿರ್ವಾನಿನ ದೊರೆಯನ್ನು ಬೇಡಿಕೊಂಡರು. ದೊರೆಯು ಏನನ್ನೂ ಕೊಡಲಿಲ್ಲ. ಆಗ ಅವರು ಅತ್ತು ಅಗಲಿದರೆಂದು ನಿಕಿತಿನನು ಬರೆಯುತ್ತಾನೆ. ರಷ್ಯದಲ್ಲಿ ಏನಾದರೂ ಆಸ್ತಿಯುಳ್ಳವರು ರಷ್ಯಕ್ಕೆ ಹೋದರು. ಸಾಲವುಳ್ಳವರು ಕಣ್ಣು ಹೋದ ಕಡೆಗೆ ಹೋದರು. ತಾನು ಯಾವ ಗುಂಪಿನವನೆಂದು ಅವನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅವನು ಹೋದುದು ಬಾಕುವಿಗೆ, ಅಲ್ಲಿಂದ ಪಾರಸೀಕ ದೇಶಕ್ಕೆ, ಕೊನೆಗೆ ಹೊರ್ಮುಜ್ ರೇವಿಗೆ.

ಹೊರ್ಮುಜಿನಲ್ಲಿ ಅವನ ಕೈಯಲ್ಲಿದ್ದುದು ಒಂದೇ ಬಂಡವಾಳ, ಒಂದು ಗಂಡುಕುದುರೆ. ದಖನಿನಲ್ಲಿ ಒಳ್ಳೆಯ ಕುದುರೆಗಳು ಹುಟ್ಟುವುದಿಲ್ಲ. ಬಹಮನಿಯ ಸೈನ್ಯಕ್ಕೂ ವಿಜಯನಗರದ ಸೈನ್ಯಕ್ಕೂ ಅವು ಸಮುದ್ರದ ಮೇಲೆಯೇ ಬರಬೇಕು. ಆದುದರಿಂದ ಒಂದು ಕುದುರೆಯನ್ನು ಜೀವಸಹಿತ ಬೀದರಕ್ಕೆ ಮುಟ್ಟಿಸಿದರೆ ಸಾಲ ತೀರೀತೆಂಬುದು ಅವನ ಲೆಕ್ಕವಾಗಿದ್ದಿರಬೇಕು. ಚೌಲ್ ರೇವಿನಲ್ಲಿಳಿದು ಜುನ್ನರನ್ನು ಮುಟ್ಟುವಷ್ಟರಲ್ಲಿ ಆ ಕುದುರೆಗೆ ನೂರು ರೂಬಲ್‌ಗಳು ತಗಲಿದ್ದುವು. ಅಲ್ಲಿ ಅಸದಖಾನನೆಂಬ ಅಧಿಕಾರಿಯು ಕುದುರೆಯನ್ನು ಕಿತ್ತುಕೊಂಡನು. ಮತಾಂತರವಾದರೆ ಕುದುರೆಯನ್ನೂ ಸಾವಿರ ಹೊನ್ನನ್ನೂ ಕೊಡುವೆನೆಂದು ಹೇಳಿ ನಾಲ್ಕು ದಿನಗಳ ಗಡುವಿಟ್ಟನು. ಖುರಾಸಾನಿನ ಮುಹಮ್ಮದನೆಂಬ ಖಜಾಂಚಿಯು ನಡುವೆ ಬಿದ್ದು ಬೇಡಿಕೊಂಡುದರಿಂದ ಕುದುರೆಯೂ ಉಳಿಯಿತು, ಮತವೂ ಉಳಿಯಿತು. ಮಳೆಗಾಲದ ಕೆಸರಿನಲ್ಲಿ ಎರಡು ತಿಂಗಳು ಅಲ್ಲಿಯೇ ಕುಳಿತು, ಆ ಬಳಿಕ ಅವನು ಬೀದರದ ದಾರಿ ಹಿಡಿದನು.

ಬೀದರವು ಆಗ ಮೂರನೆಯ ಮುಹಮ್ಮದ ಷಹನ ರಾಜಧಾನಿ. ಸುಲ್ತಾನನು ಇಪ್ಪತ್ತು ವರ್ಷದ ತರುಣ. ಆಳ್ವಿಕೆಯೆಲ್ಲವೂ ಪರದೇಶದಿಂದ ಬಂದ ಅಮೀರರ ಕೈಯಲ್ಲಿದ್ದಿತು. ಅವರಲ್ಲಿ ಅಗ್ರಗಣ್ಯನಾದವನು ಗೀಲಾನ್ ದೇಶದ ಮಹಮೂದ್ ಗವಾನನು. ಅವನ ಬಿರುದು ಮಲಿಕ್-ಉತ್-ತುಜ್ಜಾರ್, ಎಂದರೆ ವರ್ತಕರ ಒಡೆಯ. ತಾನೂ ವರ್ತಕನಾಗಿಯೇ ದಖನಿಗೆ ಬಂದವನು. ಗವಾನನ ಹಾಸಿನ ಮೇಲೆ ದಿನವೂ ಐನೂರು ಮಂದಿ ಊಟಕ್ಕೆ ಕೂಡುತ್ತಿದ್ದರೆಂದೂ, ಅವನ ಲಾಯದ ಎರಡು ಸಾವಿರ ಕುದುರೆಗಳಲ್ಲಿ ಒಂದು ಸಾವಿರವು ಹಗಲಿರುಳು ಜೀನು ಬಿಗಿದೇ ನಿಂತಿರುತ್ತಿದ್ದುವೆಂದೂ ನಿಕಿತಿನನು ಬರೆದಿರುವನು. ಒಂದೇ ಕುದುರೆಯ ಒಡೆಯನಾದವನು ಈ ಎಣಿಕೆಯನ್ನು ಯಾವ ಮನಸ್ಸಿನಿಂದ ಬರೆದನೋ ವಾಚಕರೇ ಊಹಿಸಬಹುದು.

ಅರಮನೆಯ ವಿಷಯದಲ್ಲಿ ಅವನ ವರ್ಣನೆಯು ಬಾಗಿಲಿನಲ್ಲಿಯೇ ನಿಲ್ಲುತ್ತದೆ. ಅಲ್ಲಿಗೆ ಏಳು ಬಾಗಿಲುಗಳು. ಒಂದೊಂದು ಬಾಗಿಲಲ್ಲಿಯೂ ನೂರು ಮಂದಿ ಕಾವಲುಗಾರರು ಮತ್ತು ನೂರು ಮಂದಿ ಲೆಕ್ಕಿಗರು. ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ಅವರು ಬರೆದುಕೊಳ್ಳುವರು. ಪರಸ್ಥಳದವರನ್ನು ಒಳಗೆ ಬಿಡರು. ಕಲ್ಲುಗಳಿಗೆಲ್ಲ ಕೆತ್ತನೆಯ ಕೆಲಸವೂ ಚಿನ್ನದ ಲೇಪವೂ ಇವೆಯೆಂದು ಅವನು ಹೇಳುತ್ತಾನೆ. ರಾತ್ರಿಯಲ್ಲಿ ಕೋತವಾಲನ ಸಾವಿರ ಮಂದಿ ಕವಚವನ್ನು ತೊಟ್ಟು, ಕುದುರೆಯೇರಿ, ಪಂಜುಗಳನ್ನು ಹಿಡಿದು ನಗರವನ್ನು ಕಾಯುವುದನ್ನೂ, ಎರಡು ಮಾರುದ್ದದ ಹಾವುಗಳು ಬೀದಿಯಲ್ಲಿ ಹರಿದಾಡುವುದನ್ನೂ ಬರೆದಿರುವನು. ಸುಲ್ತಾನನು ವಿಹಾರಕ್ಕೆ ಹೊರಟಾಗ ಹತ್ತು ಸಾವಿರ ರಾವುತರು, ಐವತ್ತು ಸಾವಿರ ಕಾಲಾಳುಗಳು, ಇನ್ನೂರು ಆನೆಗಳೆಂದು ಲೆಕ್ಕ ಕೊಡುತ್ತಾನೆ. ಇವೆಲ್ಲವೂ ಬೀದಿಯಲ್ಲಿ ನಿಂತವನಿಗೆ ಕಾಣುವ ನೋಟಗಳು. ಬೆಲೆಯಿಲ್ಲದೆ ನೋಡಬಹುದಾದ ವೈಭವವೆಲ್ಲವನ್ನೂ ಅವನು ನೋಡಿದನು.

ಬೆಲೆ ಕೊಡಬೇಕಾದುದರ ವಿಷಯದಲ್ಲಿ ಅವನ ಬರಹವು ಬೇರೆಯೇ ಧ್ವನಿಯದು. ಹಿಂದೂಸ್ಥಾನದಲ್ಲಿ ಬಾಳುವುದೆಂದರೆ ಇದ್ದುದನ್ನೆಲ್ಲ ತಿಂದು ಮುಗಿಸಿದಂತೆ, ಇಲ್ಲಿ ಎಲ್ಲವೂ ತುಟ್ಟಿ, ಎಂಬುದು ಅವನ ದೂರು. ತಾನೊಬ್ಬನೇ ಇದ್ದರೂ, ಮದ್ಯವನ್ನಾಗಲಿ ಜೇನುಪಾನಕವನ್ನಾಗಲಿ ಮುಟ್ಟದಿದ್ದರೂ, ದಿನಕ್ಕೆ ಎರಡೂವರೆ ಆಲ್ತಿನ್ ಊಟಕ್ಕೇ ಆಗುತ್ತದೆಂದು ಅವನು ಲೆಕ್ಕ ಬರೆದಿಟ್ಟಿರುವನು. ಆಲ್ತಿನ್ ಎಂಬುದು ಆರು ದೆಂಗಗಳ ರಷ್ಯದ ಎಣಿಕೆ. ಹೆಸರು ಮಾತ್ರ ತಾತಾರ-ತುರ್ಕರ ಮಾತಿನಿಂದ ಬಂದುದು. ಕುದುರೆಯನ್ನು ಒಂದು ವರ್ಷ ಸಾಕಿ ಕ್ರಿಸ್ತಜಯಂತಿಯ ಹೊತ್ತಿಗೆ ಬೀದರದಲ್ಲಿ ಮಾರಿದನು. ಅದರ ಮೇಲೆ ೬೮ ಫುತೂನುಗಳು ವೆಚ್ಚವಾದುವೆಂಬುದನ್ನೂ ಮರೆಯದೆ ಹೇಳಿರುವನು. ರಷ್ಯಕ್ಕೆ ಒಯ್ಯಲು ತಕ್ಕ ಸರಕು ಇಲ್ಲಿ ಹೇರಳವಾಗಿದೆಯೆಂದು ದಾರಿಯಲ್ಲಿ ಕೇಳಿದ ಮಾತು ಸುಳ್ಳಾಯಿತು. ಮೆಣಸೂ ಬಣ್ಣವೂ ಅಗ್ಗವೇ; ಆದರೆ ರೇವುಗಳ ಸುಂಕವೂ ಕಡಲುಗಳ್ಳರ ಕಾಟವೂ ಆ ಲಾಭವನ್ನು ನುಂಗಿಬಿಡುವುವು.

ಹಣವಿಲ್ಲದವನಿಗೆ ಅರಮನೆಯ ಬಾಗಿಲು ಮುಚ್ಚಿತಾದರೂ ಇನ್ನೊಂದು ಬಾಗಿಲು ತೆರೆಯಿತು. ಬೀದರದಲ್ಲಿ ಅವನು ಹಲವು ಹಿಂದೂಗಳ ಪರಿಚಯವನ್ನು ಸಂಪಾದಿಸಿದನು. ಹೊರಗೆ ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದ ನಡೆಯುತ್ತಿದ್ದವನು ಅವರಿಗೆ ಮಾತ್ರ ತಾನು ಕ್ರೈಸ್ತನೆಂಬ ನಿಜವನ್ನು ತಿಳಿಸಿದನು. ಅಂದಿನಿಂದ ಅವರು ಅವನಲ್ಲಿ ಮುಚ್ಚುಮರೆ ಮಾಡಲಿಲ್ಲ. ಊಟ, ವ್ಯಾಪಾರ, ಪೂಜೆ, ಮನೆಯ ಹೆಂಗಸರು, ಯಾವುದನ್ನೂ ಮರೆಸಲಿಲ್ಲ. ಅವರು ಬಲಗೈಯಿಂದ ಉಣ್ಣುವುದು, ದಿನಕ್ಕೆ ಎರಡೇ ಹೊತ್ತು ಉಣ್ಣುವುದು, ಅನ್ನವನ್ನೂ ಖಿಚಡಿಯನ್ನೂ ತುಪ್ಪ ಕಾಯಿಪಲ್ಯಗಳೊಡನೆ ತಿನ್ನುವುದು, ದಾರಿ ನಡೆಯುವಾಗ ಒಬ್ಬೊಬ್ಬರೂ ತಮ್ಮ ತಮ್ಮ ಅಡಿಗೆಯ ಪಾತ್ರೆಯನ್ನು ಹೊತ್ತಿರುವುದು, ಒಂದು ಜಾತಿಯವರು ಇನ್ನೊಂದರವರೊಡನೆ ಉಣ್ಣದಿರುವುದು, ಇವೆಲ್ಲವೂ ಅವನ ಬರಹದಲ್ಲಿವೆ. ಅಬ್ದುರ್ ರಜಾಕನಿಗೆ ಕುರಿಕೋಳಿಗಳು ಬಂದುವು. ಇವನಿಗೆ ಜನರ ಅಡಿಗೆಮನೆಯ ಸುದ್ದಿ ಬಂದಿತು. ಎರಡರಲ್ಲಿ ಯಾವುದು ಇತಿಹಾಸಕ್ಕೆ ಹೆಚ್ಚಿನದೆಂಬುದು ವಿಚಾರಣೀಯ.

ಆ ಪರಿಚಯಸ್ಥರೊಡನೆಯೇ ಅವನು ಶ್ರೀಶೈಲದ ಶಿವರಾತ್ರಿಗೆ ಹೋದನು. ಪರ್ವತವೆಂದೇ ಅದನ್ನು ಕರೆಯುತ್ತಾನೆ. ನಮ್ಮ ಜನರ ಬಾಯಲ್ಲಿಯೂ ಅದಕ್ಕೆ ಅದೇ ಹೆಸರು. ಬೀದರದಿಂದ ಒಂದು ತಿಂಗಳ ದಾರಿ. ದೇವಾಲಯವು ತನ್ನೂರಾದ ತ್ವೇರಿನ ಅರ್ಧದಷ್ಟಿದೆಯೆಂದು ಅಳೆಯುತ್ತಾನೆ. ಕಪ್ಪು ಕಲ್ಲಿನ ನಂದಿಯನ್ನೂ ಗೋಡೆಗಳ ಶಿಲ್ಪವನ್ನೂ ಕಾಣುತ್ತಾನೆ. ತಲೆಯೊಂದಕ್ಕೆ ಎರಡು ಶೇಷ್ಕೇನಿ ಯಾತ್ರೆಯ ತೆರಿಗೆಯೆಂಬುದನ್ನೂ ಬಿಡುವುದಿಲ್ಲ. ಆಳಂದದಲ್ಲಿ ಶೇಖ್ ಅಲಾವುದ್ದೀನರ, ಎಂದರೆ ಜನರು ಲಾಡ್ಲೆ ಮಶಾಯಿಖರೆಂದು ಕರೆಯುವವರ, ಹೆಸರಿನಲ್ಲಿ ಹತ್ತು ದಿನ ನಡೆಯುತ್ತಿದ್ದ ಜಾತ್ರೆಯನ್ನೂ ಅವನು ವರ್ಣಿಸಿರುವನು. ಅಲ್ಲಿ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವಂತೆ.

ದೋಆಬಿನ ಸುದ್ದಿಯೂ ಈ ಬರಹದಲ್ಲಿದೆ. “ರಾಚೂರ್” ಎಂದು ಅವನು ಬರೆದ ಊರು ನಮ್ಮ ರಾಯಚೂರೆಂದು ವಿದ್ವಾಂಸರು ತಿಳಿಯುತ್ತಾರೆ. ಅದು ಬೀದರದಿಂದ ೩೦ ಕೋವು ದೂರ, ಸುಲ್ತಾನನ ಸೇವಕನಾದ ಮಲಿಕಖಾನನ ಜಹಗೀರು, ಅಲ್ಲಿ ಕಲ್ಲಿನ ಗುಡ್ಡದಲ್ಲಿ ವಜ್ರ ಹುಟ್ಟುವುದು ಎನ್ನುತ್ತಾನೆ. ಒಂದು ಸಣ್ಣ ತೂಕದ ವಜ್ರಕ್ಕೆ ಐದು ರೂಬಲ್, ಒಳ್ಳೆಯದಾದರೆ ಹತ್ತು ರೂಬಲ್ ಬೆಲೆ. ಜುನ್ನರದಲ್ಲಿ ಅವನ ಕುದುರೆಗೆ ಬಿದ್ದಿದ್ದ ಅಸಲು ನೂರು ರೂಬಲ್. ಅಂದರೆ ಅವನ ಬಾಳಿನ ಬಂಡವಾಳವೆಲ್ಲವೂ ಸೇರಿದರೆ ಒಳ್ಳೆಯ ವಜ್ರದ ಹತ್ತು ತೂಕಗಳಿಗೆ ಸಮ. ಹಟ್ಟಿಯ ಚಿನ್ನದ ಮಾತು ಅವನಲ್ಲಿಲ್ಲ. ವಜ್ರದ ಬೆಲೆಯನ್ನು ಕೇಳಿದನು, ಬರೆದುಕೊಂಡನು, ಮುಂದೆ ನಡೆದನು.

ಇದೇ ಕೈಯಿಂದ ಅವನು ಇನ್ನೊಂದು ಬೆಲೆಯನ್ನೂ ಬರೆದಿರುವನು. ಹಿಂದೂಗಳ ಒಂದು ದೊಡ್ಡ ಪಟ್ಟಣವನ್ನು ಮುತ್ತಿ ಹಿಡಿದ ಮೇಲೆ ಸೆರೆಯಾಳುಗಳನ್ನು ಮಾರಿದರು. ತಲೆಗೆ ಹತ್ತು ತಂಕೆ, ಕೆಲವರಿಗೆ ಐದು, ಮಕ್ಕಳಿಗೆ ಎರಡು. ಬಖೈರುಗಳಲ್ಲಿಯೂ ತವಾರೀಖುಗಳಲ್ಲಿಯೂ ಮುತ್ತಿಗೆಯ ಜಯಾಪಜಯಗಳು ಸಿಕ್ಕುತ್ತವೆ, ಸೇನಾಪತಿಗಳ ಹೆಸರುಗಳು ಸಿಕ್ಕುತ್ತವೆ; ಒಂದು ಮಗುವಿನ ಬೆಲೆಯನ್ನು ಬರೆದಿಡಲು ಬೇರೊಬ್ಬ ಲೇಖಕನು ಬೇಕಾಯಿತು. ನಾಡು ಜನಭರಿತವಾಗಿದೆ, ಹಳ್ಳಿಯವರು ಕಡುಬಡವರು, ದೊಡ್ಡವರು ಮಾತ್ರ ಬಹು ವೈಭವದಲ್ಲಿರುವರು, ಬೆಳ್ಳಿಯ ಮೇನೆಗಳಲ್ಲಿ ಸಾಗುವರು, ಎಂಬ ಅವನ ತೀರ್ಮಾನಕ್ಕೆ ಈ ಲೆಕ್ಕಗಳೇ ಆಧಾರ.

ವರ್ಷಗಳು ಕಳೆದಂತೆ ಅವನ ಮನಸ್ಸಿನ ಬಡತನವೂ ಹೆಚ್ಚಿತು. ಧರ್ಮಗ್ರಂಥಗಳು ಸೂರೆಯಾದುದರಿಂದ ಈಸ್ಟರ್ ಹಬ್ಬವು ಎಂದು ಬರುವುದೆಂದು ಅವನಿಗೆ ತಿಳಿಯದಾಯಿತು. ಕೃತ್ತಿಕೆಯೇ ಮೊದಲಾದ ನಕ್ಷತ್ರಗಳನ್ನು ನೋಡಿ ಅಂದಾಜಿನಿಂದ ಹಬ್ಬವನ್ನಾಚರಿಸಿದನು; ಮುಸಲ್ಮಾನರು ಉಪವಾಸವಿದ್ದಾಗ ತಾನೂ ಉಪವಾಸವಿದ್ದನು. ಒಳಗಿನ ಪ್ರಾರ್ಥನೆಗಳನ್ನೂ ಗುಟ್ಟಿನ ಮಾತುಗಳನ್ನೂ ರಷ್ಯದ ಮಾತು ಬಿಟ್ಟು ತುರ್ಕಿ, ಪಾರಸೀ, ಅರಬ್ಬೀ ಕೂಡಿದ ಭಾಷೆಯಲ್ಲಿ ಬರೆದಿರುವನು. ಕೊನೆಗೆ, ಎಲ್ಲಿಗೆ ಹೋದರೂ ಯುದ್ಧದ ದಾರಿಗಳೇ ಇದ್ದರೂ, ಊರಿಗೆ ಮರಳುವುದೆಂದು ನಿಶ್ಚಯಿಸಿ ದಾಭೋಳ ರೇವಿಗೆ ಬಂದು, ಹೊರ್ಮುಜಿನವರೆಗೆ ಎರಡು ಹೊನ್ನು ಕೊಟ್ಟು ಹಡಗನ್ನೇರಿದನು. ಗಾಳಿಯು ಹಡಗನ್ನು ಹಬಸಿಯರ ತೀರಕ್ಕೆ ತಳ್ಳಿತು. ಅಕ್ಕಿ, ಮೆಣಸು, ರೊಟ್ಟಿಗಳನ್ನು ಕೊಟ್ಟು ಪ್ರಯಾಣಿಕರು ಅಲ್ಲಿ ಪ್ರಾಣ ಉಳಿಸಿಕೊಂಡರು. ಆಮೇಲೆ ಮಸ್ಕತ್ತು, ಹೊರ್ಮುಜ್, ಶೀರಾಜ್, ಇಸ್ಫಹಾನ್, ತಬ್ರೀಜ್.

ತಬ್ರೀಜಿನಿಂದ ಕಪ್ಪು ಸಮುದ್ರಕ್ಕಿಳಿಯುವ ಸಾರ್ಥವಾಹರ ದಾರಿಯ ಕೊನೆಯಲ್ಲಿರುವುದೇ ಟ್ರೆಬಿಜಾಂಡ್. ತುರ್ಕರು ಅದನ್ನು ಟ್ರಾಬ್ಜೋನ್ ಎನ್ನುವರು, ಇಂದು ಆ ತೀರದ ದೊಡ್ಡ ನಗರಗಳಲ್ಲಿ ಒಂದು. ೧೨೦೪ರಿಂದ ಅದು ಗ್ರೀಕರ ಕೊಮ್ನೇನ ವಂಶದ ಅರಸರ ರಾಜಧಾನಿಯಾಗಿದ್ದಿತು. ಕಾನ್‌ಸ್ಟಾಂಟಿನೋಪಲನ್ನು ೧೪೫೩ರಲ್ಲಿ ಗೆದ್ದ ಸುಲ್ತಾನ ಎರಡನೆಯ ಮೆಹಮ್ಮದನು ೧೪೬೧ರಲ್ಲಿ ಇದನ್ನೂ ವಶಪಡಿಸಿಕೊಂಡನು. ನಿಕಿತಿನನು ಬಂದ ಕಾಲಕ್ಕೆ ಈ ಸುಲ್ತಾನನಿಗೂ ಪಾರಸೀಕ ದೇಶವನ್ನಾಳುತ್ತಿದ್ದ ಉಜುನ್ ಹಸನನಿಗೂ ವೈರವು ಬಲಿತಿದ್ದಿತು. ದಾರಿ ಕಟ್ಟಿದ್ದುದರಿಂದ ನಿಕಿತಿನನು ಹತ್ತು ದಿನ ಹಸನನ ಪಾಳೆಯದಲ್ಲಿ ತಂಗಿ ಬಂದಿದ್ದನು. ಇದೇ ಅವನಿಗೆ ಕೇಡಾಯಿತು.

ಅಕ್ಟೋಬರ್ ಮೊದಲಲ್ಲಿ ಅವನು ಪಟ್ಟಣವನ್ನು ಸೇರಿ ಐದು ದಿನ ಅಲ್ಲಿದ್ದನು. ಗ್ರೀಕರು ಕಟ್ಟಿದ ದೊಡ್ಡ ಚರ್ಚುಗಳೂ ಅರಸರ ಅರಮನೆಯೂ ಅಲ್ಲಿ ಇದ್ದುವು. ಅವನೂ ಆ ಮತದವನೇ. ಆದರೂ ಅವುಗಳಲ್ಲಿ ಒಂದನ್ನಾದರೂ ಅವನು ವರ್ಣಿಸಿಲ್ಲ. ಬರೆದಿರುವುದು ಎರಡೇ ಸಂಗತಿ. ಮೊದಲನೆಯದು ಹಡಗಿನ ಕೂಲಿ: ಸಮುದ್ರದಾಚೆಯ ಕಾಫಾ ಪಟ್ಟಣಕ್ಕೆ ತಲೆಗೆ ಒಂದು ಹೊನ್ನು. ದಾರಿಯ ಊಟಕ್ಕೆ ಬೇರೊಂದು ಹೊನ್ನನ್ನು ಕಾಫಾದಲ್ಲಿ ತೀರಿಸುವೆನೆಂದು ಸಾಲ ತೆಗೆದುಕೊಂಡನು. ಎರಡನೆಯದು ಝಡತಿ: ಪಟ್ಟಣದ ಸೂಬಾಷಿಯೂ ಪಾಷಾನೂ ಅವನ ಗಂಟುಮೂಟೆಗಳನ್ನೆಲ್ಲ ಬೆಟ್ಟದ ಮೇಲಣ ಕೋಟೆಗೆ ಹೊರಿಸಿಕೊಂಡು ಹೋಗಿ ಬಿಚ್ಚಿ ಹುಡುಕಿದರು. ಶತ್ರುವಿನ ಪಾಳೆಯದಿಂದ ಬಂದವನಲ್ಲಿ ರಾಜಪತ್ರಗಳಿರಬೇಕೆಂಬುದು ಅವರ ಸಂದೇಹ. ಪತ್ರಗಳು ಸಿಕ್ಕಲಿಲ್ಲ, ಉಳಿದಿದ್ದ ಅಲ್ಪಸ್ವಲ್ಪ ಸರಕು ಮಾತ್ರ ಹೋಯಿತು.

ಬೀದರದಲ್ಲಿ ವರ್ಷಗಟ್ಟಲೆ ಇದ್ದವನು ಬಡವನಾದರೂ ಜನರ ಸ್ನೇಹದಿಂದ ನಗರವನ್ನು ಕಂಡನು. ಟ್ರೆಬಿಜಾಂಡಿನಲ್ಲಿ ಐದೇ ದಿನ ಇದ್ದವನಿಗೆ ಸ್ನೇಹಕ್ಕೆ ವೇಳೆಯಿರಲಿಲ್ಲ, ಕಾಣಲು ಹಣವಿರಲಿಲ್ಲ. ಆದುದರಿಂದ ಅಲ್ಲಿ ಕಂಡುದು ರೇವು, ಸಾಲ, ಕೋಟೆ ಇಷ್ಟೇ. ಈ ಎರಡು ವರ್ಣನೆಗಳ ಅಂತರದಿಂದ ಒಂದು ಮಾತು ಸ್ಪಷ್ಟವಾಗುವುದು. ಬಡ ಪ್ರವಾಸಿಯು ನಗರಕ್ಕೆ ತೆರಬೇಕಾದ ಬೆಲೆ ಕಾಲ. ಹಣವಂತನು ಹೊನ್ನಿನಿಂದ ಕೊಳ್ಳುವುದನ್ನು ಅವನು ದಿನಗಳಿಂದ ಕೊಳ್ಳಬೇಕು.

ನಿಕಿತಿನನ ಬರಹವು ನಂಬತಕ್ಕದ್ದಲ್ಲವೆಂದು ಹೇಳುವವರೂ ಉಂಟು. ಬೆಂಕಿಯುಗುಳುವ ಹಕ್ಕಿ, ಸೈನ್ಯ ಕಟ್ಟಿದ ಕೋತಿಗಳ ರಾಜಕುಮಾರ, ಲಕ್ಷಗಟ್ಟಲೆಯ ದಂಡು ಮುಂತಾದ ಮಾತುಗಳು ಅದರಲ್ಲಿರುವುದು ದಿಟ. ಆದರೆ ಇವು ಕೇಳಿದ ಸುದ್ದಿಗಳು. ಅವನು ತನ್ನ ಚೀಲದಿಂದ ತೆಗೆದುಕೊಟ್ಟುದರ ಲೆಕ್ಕವು ಬೇರೆ ಜಾತಿಯದು. ಕೈಯಲ್ಲಿ ಕೆಲವೇ ನಾಣ್ಯಗಳಿರುವವನು ಒಂದೊಂದನ್ನೂ ನೋಡಿಯೇ ಕೊಡುತ್ತಾನೆ. ಆದುದರಿಂದ ದಂಡಿನ ಸಂಖ್ಯೆಯನ್ನು ಶಂಕಿಸಿದರೂ ಊಟದ ವೆಚ್ಚವನ್ನು ಶಂಕಿಸಬೇಕಾಗಿಲ್ಲ. ಹದಿನೈದನೆಯ ಶತಮಾನದ ಕರ್ಣಾಟಕದ ಆರ್ಥಿಕ ಸ್ಥಿತಿಯನ್ನು ಬರೆಯುವವರಿಗೆ ಈ ವಿವೇಚನೆಯು ಅವಶ್ಯಕ.

ಟ್ರೆಬಿಜಾಂಡಿನಿಂದ ಹೊರಟ ಹಡಗನ್ನು ಬಿರುಗಾಳಿಯು ಹಿಂದಕ್ಕೆ ತಳ್ಳಿತು. ಪ್ಲಾತಾನವೆಂಬ ರೇವಿನಲ್ಲಿ ಹದಿನೈದು ದಿನ ಕಾಯಬೇಕಾಯಿತು. ನವೆಂಬರ್ ಮೊದಲಲ್ಲಿ ಅವನು ಕಾಫಾವನ್ನು ಮುಟ್ಟಿದನು. ಊರು ಮಾತ್ರ ಸಿಕ್ಕಲಿಲ್ಲ. ಸ್ಮೋಲೆನ್ಸ್ಕ್ ನಗರವನ್ನು ಸೇರುವ ಮೊದಲೇ ದಾರಿಯಲ್ಲಿ ತೀರಿಕೊಂಡನು. ಅವನ ಕೈಬರಹದ ಹಾಳೆಗಳನ್ನು ವರ್ತಕರು ಮಾಸ್ಕೋಗೆ ತಂದರು. ೧೪೭೫ರಲ್ಲಿ ಅವು ಅಲ್ಲಿಯ ಮಹಾರಾಜನ ಕಾರ್ಯದರ್ಶಿ ವಾಸಿಲಿ ಮಾಮಿರೇವನ ಕೈಸೇರಿದುವು. ಆಮೇಲೆ ಸುಮಾರು ಮುನ್ನೂರೈವತ್ತು ವರ್ಷ ಮರೆಯಾಗಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇತಿಹಾಸಕಾರ ಕರಮ್ಜಿನನು ಒಂದು ಮಠದ ಭಂಡಾರದಲ್ಲಿ ಕಂಡುಹಿಡಿದನು. ೧೮೫೭ರಲ್ಲಿ ಅದು ಇಂಗ್ಲಿಷಿನಲ್ಲಿಯೂ ಅಚ್ಚಾಯಿತು. ಐನೂರು ಮಂದಿಗೆ ಅನ್ನವಿಟ್ಟ ಮಹಮೂದ್ ಗವಾನನನ್ನು ಸುಲ್ತಾನನೇ ೧೪೮೧ರಲ್ಲಿ ಕೊಲ್ಲಿಸಿದನು. ಏಳು ಬಾಗಿಲುಗಳಲ್ಲಿ ಕುಳಿತು ಬರೆದ ಲೆಕ್ಕಿಗರ ಕಡತಗಳಲ್ಲಿ ಒಂದೂ ಉಳಿಯಲಿಲ್ಲ. ಬಾಗಿಲ ಹೊರಗೆ ನಿಂತವನ ಹಾಳೆಗಳು ಉಳಿದುವು.

ಮಸ್ಕಿಯ ಬಂಡೆಯಲ್ಲಿ ಅಶೋಕನು ಕೊರೆಯಿಸಿರುವ ಮಾತಿನ ತಾತ್ಪರ್ಯವೂ ಇದಕ್ಕೆ ದೂರವಲ್ಲ. ಧರ್ಮದಲ್ಲಿ ನಿಷ್ಠೆಯುಳ್ಳವನು ಅಲ್ಪನಾದರೂ ಈ ಗುರಿಯನ್ನು ಪಡೆಯಬಲ್ಲನು, ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಎಂಬುದು ಅದರ ಭಾವ. ಆ ಬಂಡೆಯಿಂದ ಕೆಲವೇ ಹರದಾರಿಗಳಾಚೆ ವಜ್ರದ ಬೆಲೆಯನ್ನು ಮಾತ್ರ ಕೇಳಿ ಹೋದ ತ್ವೇರಿನ ಬಡ ವರ್ತಕನು ಆ ಮಾತನ್ನು ಓದಿದವನಲ್ಲ. ನಮ್ಮ ನಾಡಿನ ಬಡವರ ಲೆಕ್ಕವನ್ನು ನಮಗಾಗಿ ಇರಿಸಿಹೋದವನು ಮಾತ್ರ ಅವನೇ.